ಆಟಿಸಂ ಇರುವವರ ಆತಂಕ, ಖಿನ್ನತೆ: ಮನೆಯವರು ಗುರುತಿಸುವ ಬಗೆ

ಆಟಿಸಂ (ಮಾತು, ಒಡನಾಟಗಳ ರೀತಿಯನ್ನು ಬೇರೆಯಾಗಿಸುವ, ಬಾಲ್ಯದಿಂದಲೇ ಇರುವ ಮಿದುಳಿನ ಬೆಳವಣಿಗೆಯ ಸ್ಥಿತಿ) ಇರುವ ಮಗ ಸರಿಯಾಗಿ ಉಣ್ಣುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ, ಕೈ ಕಚ್ಚಿಕೊಳ್ಳುತ್ತಾನೆ ಎಂದಾಗ ‘ಹಟ ಹೆಚ್ಚಾಗಿದೆ’ ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಆತಂಕ, ಖಿನ್ನತೆಗಳು ಆಟಿಸಂನ ಭಾಗವಲ್ಲ. ಅದರ ಜೊತೆಗೆ ಬರುವ, ಚಿಕಿತ್ಸೆಯಿಂದ ಹತೋಟಿಗೆ ತರಬಹುದಾದ ಬೇರೆಯೇ ತೊಂದರೆಗಳು. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಆತಂಕದ ಕಾಯಿಲೆ ಇರುವುದನ್ನು ಅಧ್ಯಯನಗಳು ಗುರುತಿಸಿವೆ.

‘ಬೇಜಾರಾಗಿದೆಯಾ?’ ಎಂದು ಕೇಳಿದರೆ ಉತ್ತರ ಸಿಗದಿರಬಹುದು, ಏಕೆಂದರೆ ಇವರಲ್ಲಿ ಅನೇಕರಿಗೆ ತಮ್ಮೊಳಗಿನ ಭಾವನೆ ಯಾವುದೆಂದು ಗುರುತಿಸಿ ಹೇಳುವುದೇ ಕಷ್ಟ. ಆದ್ದರಿಂದ ಅವರನ್ನು ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಸದೆ, ಅವರದೇ ಹಿಂದಿನ ದಿನಗಳೊಂದಿಗೆ ಹೋಲಿಸಬೇಕು. ದಿನವೂ ರೈಲುಗಳ ಚಿತ್ರ ಬರೆಯುತ್ತಿದ್ದವನು ಪೆನ್ಸಿಲ್ ಮುಟ್ಟದಿದ್ದರೆ, ನನ್ನ ಮಟ್ಟಿಗೆ ಅದು ಅಳುವಿಗಿಂತ ದೊಡ್ಡ ಸೂಚನೆ. ಎರಡು ವಾರ ನಿದ್ದೆ, ಊಟ, ಸಿಟ್ಟು ಬಂದ ಹೊತ್ತು ಮತ್ತು ಅದಕ್ಕೆ ಮೊದಲು ನಡೆದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾತು ಬಾರದವರಲ್ಲಿ ಹಲ್ಲುನೋವು, ಕಿವಿನೋವು, ಮಲಬದ್ಧತೆಗಳೂ ಹೀಗೆಯೇ ತೋರುವುದರಿಂದ ಮೊದಲು ಅವನ್ನು ಪರೀಕ್ಷೆ ಮಾಡಿಸಿ.

ಆತಂಕಕ್ಕೆ ಸದ್ದು, ಜನಸಂದಣಿ, ತಿಳಿಸದೆ ಮಾಡಿದ ಬದಲಾವಣೆಗಳು ಮುಖ್ಯ ಕಾರಣಗಳು. ಕೊಪ್ಪಳದ ಗವಿಮಠದ ಜಾತ್ರೆಗೆ ಕರೆದೊಯ್ಯುವುದಾದರೆ ವಾರದ ಮೊದಲೇ ತೇರಿನ ಫೋಟೊ ತೋರಿಸಿ, ಎಷ್ಟು ಹೊತ್ತು ಇರುತ್ತೇವೆ, ಸಾಕಾದರೆ ಎಲ್ಲಿ ಕೂರುತ್ತೇವೆ ಎಂಬುದನ್ನು ಕ್ರಮವಾಗಿ ಹೇಳಿ. ತೇರು ಎಳೆಯುವ ಸಂಜೆಯೇ ಹೋಗಬೇಕೆಂದಿಲ್ಲ. ಜನ ಕಡಿಮೆಯಿರುವ ಬೆಳಗ್ಗೆ ಅರ್ಧ ಗಂಟೆ ಹೋಗಿಬಂದರೂ ಸಾಕು. ನೆಂಟರು ಏನೆಂದುಕೊಂಡಾರೆಂಬ ಚಿಂತೆಗೆ ಮಗುವನ್ನು ಬಲಿಕೊಡಬೇಡಿ. ಹಾಗೆಂದು ಮನೆಯಲ್ಲೇ ಕೂರಿಸಿದರೆ ಭಯ ಇನ್ನಷ್ಟು ಬೇರೂರುತ್ತದೆ.

ಬದಲಾವಣೆ ಎರಡು ವಾರ ದಾಟಿದರೆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹಿಂಜರಿಯಬೇಡಿ: ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆಸಿದ ಪ್ರಯೋಗ. ಆಪ್ತಸಮಾಲೋಚನೆಯನ್ನು ಚಿತ್ರ, ಬರಹಗಳ ಮೂಲಕ ನಡೆಸುವಂತೆ ಕೇಳಿ. ಮಾತ್ರೆ ಕೊಟ್ಟರೆ, ಇವರಲ್ಲಿ ಅಡ್ಡಪರಿಣಾಮ ಹೆಚ್ಚಾಗಬಹುದಾದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸುವ ಬಗ್ಗೆ ವಿಚಾರಿಸಿ, ನೀವಾಗಿಯೇ ನಿಲ್ಲಿಸಬೇಡಿ. ಸಾಯುವ ಮಾತು ಬಂದರೆ ಮಾತ್ರ ಎರಡು ವಾರ ಕಾಯುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು.