ಫೈಕಸ್ ಎಲೆ ಅವರೆಕಾಯಿಯಂತೆ ಮಡಚಿಕೊಂಡಾಗ: ನನ್ನ ಅನುಭವ

ಗೇಟಿನ ಪಕ್ಕ ಚೆಂಡಿನ ಆಕಾರಕ್ಕೆ ಕತ್ತರಿಸಿ ಬೆಳೆಸುವ ಫೈಕಸ್ ಬೆಂಜಮಿನಾದ ತುದಿ ಎಲೆಗಳು ಮುದುಡಿದರೆ ಮೊದಲು ಔಷಧಿ ಅಂಗಡಿಗೆ ಓಡಬೇಡಿ. ಮುದುಡಿದ ಒಂದು ಎಲೆ ಕಿತ್ತು, ಬಿಳಿ ಕಾಗದದ ಮೇಲೆ ಹಿಡಿದು, ಅವರೆಕಾಯಿ ಸುಲಿದ ಹಾಗೆ ಬಿಡಿಸಿ. ಒಳಗೆ ಏನಿದೆ ಎಂದು ನೋಡದೆ ನಾನು ಈ ಗಿಡಕ್ಕೆ ಏನನ್ನೂ ಹೊಡೆಯುವುದಿಲ್ಲ.

ಹತ್ತರಲ್ಲಿ ಎಂಟು ಸಲ ಕಾಣುವುದು ಥ್ರಿಪ್ಸ್. ಸುಮಾರು 3 ಮಿಲಿಮೀಟರ್ ಉದ್ದದ, ಎಳ್ಳಿಗಿಂತ ಸಪೂರವಾದ ಕಪ್ಪು ಹುಳುಗಳು ಬಾಲ ಮೇಲೆತ್ತಿಕೊಂಡು ಕಾಗದದ ಮೇಲೆ ಹರಿದಾಡುತ್ತವೆ. ಜೊತೆಗೆ ತಿಳಿಹಳದಿ ಮರಿಗಳು, ಬಿಳಿ ಮೊಟ್ಟೆಗಳು. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಇದ್ದರೆ ಮೊಟ್ಟೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಎಲೆಯ ಹೊರಗೆ ಕಂದುಗೆಂಪು ಚುಕ್ಕೆಗಳಿರುತ್ತವೆ, ಮಡಿಕೆ ಸರಿಯಾಗಿ ನಡುನರದ ಮೇಲೇ ಬಿದ್ದಿರುತ್ತದೆ. ಇದರ ಹೆಸರು ಗೈನೈಕೋಥ್ರಿಪ್ಸ್ ಉಜೆಲಿ. ಬೋನ್ಸಾಯಿಗೆ ಬಳಸುವ ಮೈಕ್ರೋಕಾರ್ಪಾ ಫೈಕಸ್‌ಗೆ ಹೆಚ್ಚಾಗಿ ಬರುವುದು ಇದರ ದಾಯಾದಿ, ಫಿಕೋರಮ್. ಎರಡಕ್ಕೂ ಉಪಚಾರ ಒಂದೇ.

ಹುಳು ಇಲ್ಲ, ಚುಕ್ಕೆಯೂ ಇಲ್ಲ, ಗಿಡದ ಎಲ್ಲಾ ಎಲೆಗಳೂ ಒಂದೇ ಸಮನೆ ಮೇಲಕ್ಕೆ ಸುರುಟಿವೆ ಎಂದರೆ ಬೇರು ನೋಡಬೇಕು. ಮಣ್ಣಿಗೆ ಬೆರಳು ಇಳಿಸಿ: ಒಣಗಿದ್ದರೆ ನೀರಿನ ಕೊರತೆ, ಕೆಸರಾಗಿ ವಾಸನೆ ಬಂದರೆ ಬೇರು ಕೊಳೆತ. ಎಳೆ ಎಲೆಯ ಅಂಚು ಕೆಳಕ್ಕೆ ಬಾಗಿ, ಎಲೆ ಗಡುಸಾಗಿ, ಬರಿಗಣ್ಣಿಗೆ ಏನೂ ಕಾಣದಿದ್ದರೆ ಹಳದಿ ನುಸಿಯ ಅನುಮಾನ. ಮೆಣಸಿನ ಗಿಡದ ಮುಟುರು ನೋಡಿದವರಿಗೆ ಇದರ ಗುರುತು ಬೇಗ ಸಿಗುತ್ತದೆ. ಪಕ್ಕದ ಸೈಟಿನಲ್ಲಿ ಕಳೆನಾಶಕ ಹೊಡೆದಿದ್ದರೆ ಗಾಳಿ ಬೀಸಿದ ಕಡೆಯ ಎಲೆಗಳು ಮಾತ್ರ ತಿರುಚಿಕೊಳ್ಳುತ್ತವೆ. ಇವುಗಳಿಗೆ ಥ್ರಿಪ್ಸ್ ಔಷಧಿ ಹೊಡೆದು ಪ್ರಯೋಜನವಿಲ್ಲ.

ಥ್ರಿಪ್ಸ್ ಎಂದು ಖಚಿತವಾದ ಮೇಲೂ ಬಹಳ ಜನ ಸೋಲುವುದು ಒಂದೇ ಕಡೆ. ಮಡಚಿದ ಎಲೆ ಹುಳುವಿಗೆ ಬಾಗಿಲು ಹಾಕಿದ ಮನೆ. ಮೇಲೆ ಎಷ್ಟು ಔಷಧಿ ಹೊಡೆದರೂ ಹನಿ ಹೊರಗಿನಿಂದಲೇ ಜಾರಿ ಹೋಗುತ್ತದೆ. ಒಳಗಿನ ಹುಳು ಸತ್ತರೂ ಆ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಔಷಧಿ ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ಹೊಡೆಯುತ್ತಾರೆ. ಮೊದಲ ಮದ್ದು ಸಿಕೇಚರ್, ಅಂದರೆ ಕೊಂಬೆ ಕತ್ತರಿಸುವ ಕತ್ತರಿ. ಮಡಚಿದ ಎಲೆ ಇರುವ ತುದಿಯನ್ನು, ಕೆಳಗಿನ ಎರಡು ಒಳ್ಳೆಯ ಎಲೆಗಳವರೆಗೆ ಕತ್ತರಿಸುತ್ತೇನೆ. ಬೆಳಗಿನ ತಂಪಿನಲ್ಲಿ ಹುಳು ಚುರುಕಾಗಿರುವುದಿಲ್ಲ, ಆಗಲೇ ಕತ್ತರಿಸಬೇಕು. ಕತ್ತರಿಸಿದ್ದು ನೆಲಕ್ಕೆ ಬೀಳಬಾರದು. ಕಪ್ಪು ಪಾಲಿಥಿನ್ ಚೀಲ ಕೊಂಬೆಯ ಕೆಳಗೇ ಹಿಡಿದು ಅದರೊಳಗೆ ಬೀಳಿಸಿ, ಬಾಯಿ ಕಟ್ಟಿ, 4 ದಿನ ಬಿಸಿಲಿಗೆ ಇಡಬೇಕು. ಗೊಬ್ಬರದ ಗುಂಡಿಗೆ ಹಸಿಯಾಗಿ ಹಾಕಿದರೆ ದೊಡ್ಡ ಹುಳುಗಳು ಹಾರಿ ವಾಪಸ್ ಬರುತ್ತವೆ. ಕೈಗೆ ಗ್ಲೌಸ್, ಉದ್ದ ತೋಳಿನ ಅಂಗಿ ಇರಲಿ. ಫೈಕಸ್ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಈ ಹುಳುಗಳೂ ಮೈಮೇಲೆ ಬಿದ್ದರೆ ಚುರುಕ್ಕೆಂದು ಕಚ್ಚುತ್ತವೆ.

ಔಷಧಿಯ ಸರದಿ ಆಮೇಲೆ, ಅದೂ ಹೊಸ ಚಿಗುರಿಗೆ. ಹುಳು ಎಳೆ ಎಲೆಯನ್ನು ಮಾತ್ರ ಮಡಚಬಲ್ಲದು. ಬಲಿತ ಎಲೆ ಅದರ ಕೈಗೆ ಬಗ್ಗುವುದಿಲ್ಲ. ಕತ್ತರಿಸಿದ ಎರಡು ಮೂರು ವಾರಕ್ಕೆ ತುದಿಗಳಲ್ಲಿ ಸೂಜಿಯಂತೆ ಚೂಪಾದ ಕುಡಿ ಮೂಡುತ್ತದೆ. ಅದರ ಹೊದಿಕೆ ಉದುರಿ, ಎಲೆ ಇನ್ನೂ ತಿಳಿಹಸಿರಾಗಿ ಹೊಳೆಯುವ ದಿನಗಳೇ ಸಿಂಪಡಣೆಯ ಹೊತ್ತು. ಮೊದಲ ಸಲ ಕುಡಿ ಕಂಡ ಕೂಡಲೇ, ನಂತರ 7 ದಿನಕ್ಕೊಮ್ಮೆ ಇನ್ನೆರಡು ಸಲ. ಮೊಟ್ಟೆಯಿಂದ ದೊಡ್ಡ ಹುಳುವಾಗಲು ಸುಮಾರು ಒಂದು ತಿಂಗಳು ಬೇಕು, ಒಂದೇ ಸಿಂಪಡಣೆಗೆ ಎಲ್ಲವೂ ಸಿಗುವುದಿಲ್ಲ.

ಹಾವಳಿ ಕಡಿಮೆಯಿದ್ದರೆ ಬೇವಿನೆಣ್ಣೆ ಸಾಕು. 10 ಲೀಟರ್ ನೀರಿಗೆ 50 ಮಿಲಿ ಬೇವಿನೆಣ್ಣೆ, 10 ರಿಂದ 15 ಮಿಲಿ ದ್ರವ ಸೋಪು. ಎಣ್ಣೆ ಮತ್ತು ಸೋಪನ್ನು ಮೊದಲು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಆಮೇಲೆ ಉಳಿದ ನೀರಿಗೆ ಸೇರಿಸಬೇಕು. ನೇರವಾಗಿ ಸುರಿದರೆ ಎಣ್ಣೆ ಮೇಲೆ ತೇಲಿ, ಕೊನೆಯ ಲೀಟರ್‌ನಲ್ಲಿ ಬರಿ ಎಣ್ಣೆ ಬಂದು ಎಲೆ ಸುಡುತ್ತದೆ. ಬೋರ್‌ವೆಲ್ ನೀರಿನ ಕ್ಷಾರಕ್ಕೆ ಬೇವಿನ ಅಂಶ ಬೇಗ ಕೆಡುತ್ತದೆ. ಮಳೆನೀರು ಒಳ್ಳೆಯದು, ಇಲ್ಲದಿದ್ದರೆ ಚಿಟಿಕೆ ಚಿಟಿಕೆಯಾಗಿ ನಿಂಬೆ ಉಪ್ಪು ಹಾಕಿ ಪಿಎಚ್ ಪಟ್ಟಿಯಲ್ಲಿ 6ರ ಆಸುಪಾಸಿಗೆ ಇಳಿಸುತ್ತೇನೆ. ಸಂಜೆ 5ರ ಮೇಲೆ, ಬೆರೆಸಿದ ದಿನವೇ ಮುಗಿಸಬೇಕು.

ಅರ್ಧಕ್ಕಿಂತ ಹೆಚ್ಚು ತುದಿ ಮಡಚಿದ್ದರೆ ಸ್ಪಿನೋಸ್ಯಾಡ್ 45 ಎಸ್‌ಸಿ ಎಂಬ ಕೀಟನಾಶಕ, 10 ಲೀಟರ್ ನೀರಿಗೆ 3 ಮಿಲಿ. ಕುಂಡದ ಗಿಡಕ್ಕೆ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಎಂಬ ಇನ್ನೊಂದು ಕೀಟನಾಶಕವನ್ನು ಬೇರಿಗೆ ಕೊಡುವುದುಂಟು: ಲೀಟರ್‌ಗೆ 0.5 ಮಿಲಿ, 12 ಇಂಚಿನ ಕುಂಡಕ್ಕೆ 1 ಲೀಟರ್, ಹಿಂದಿನ ದಿನ ನೀರು ಹಾಕಿ ಮಣ್ಣು ಹದವಾಗಿರಬೇಕು. ನೆಲದ ಗಿಡಕ್ಕೆ ಇದನ್ನು ನಾನು ಕೊಡುವುದೇ ಇಲ್ಲ. ಕಾಂಪೌಂಡಿನೊಳಗೆ ಫೈಕಸ್ ಬೇರು ಕರಿಬೇವು, ತುಳಸಿಯ ಬುಡದವರೆಗೂ ಹೋಗಿರುತ್ತದೆ, ಔಷಧಿ ಬಿದ್ದ ಮಣ್ಣಿನಿಂದಲೇ ಅವೂ ನೀರು ಹೀರುತ್ತವೆ. ಸ್ಪಿನೋಸ್ಯಾಡ್ ಕೂಡ ಹಸಿ ಇರುವಷ್ಟು ಹೊತ್ತು ಜೇನಿಗೆ ಅಪಾಯ, ಪಕ್ಕದಲ್ಲಿ ಹೂ ಬಿಟ್ಟ ಗಿಡವಿದ್ದರೆ ಕತ್ತಲಾಗುವ ಹೊತ್ತಿಗೆ ಹೊಡೆಯಿರಿ.

ಎಲೆ ಬಿಡಿಸಿದಾಗ ಥ್ರಿಪ್ಸ್ ನಡುವೆ ಅಗಲ ಮೈಯ ಪುಟ್ಟ ಕಪ್ಪು ತಿಗಣೆ ಕಂಡರೆ ಆ ಸಲ ರಾಸಾಯನಿಕ ಬೇಡ. ಮೊಂಟಾಂಡೋನಿಯೋಲಾ ಎಂಬ ಈ ತಿಗಣೆ ಮಡಿಕೆಯೊಳಗೇ ನುಗ್ಗಿ ಥ್ರಿಪ್ಸ್ ಮೊಟ್ಟೆ, ಮರಿಗಳ ರಸ ಹೀರುತ್ತದೆ. ಹವಾಯಿಯಲ್ಲಿ 1960ರ ದಶಕದಲ್ಲಿ ಇದನ್ನು ಹೊರಗಿನಿಂದ ತರಿಸಿ ಬಿಟ್ಟಿದ್ದರು. ನಮ್ಮ ಯಾವ ಸ್ಪ್ರೇಯರ್‌ಗೂ ಹೋಗಲಾಗದ ಜಾಗಕ್ಕೆ ಅದು ಹೋಗುತ್ತದೆ.

ಹುಳು ಪದೇ ಪದೇ ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ತಪ್ಪು ನಡೆಯುತ್ತಿರುತ್ತವೆ. ತಿಂಗಳಿಗೊಮ್ಮೆ ಕತ್ತರಿ ಆಡಿಸಿದರೆ ವರ್ಷವಿಡೀ ಎಳೆ ಎಲೆ, ಥ್ರಿಪ್ಸ್‌ಗೆ ವರ್ಷವಿಡೀ ಹಬ್ಬ. ಯೂರಿಯಾ ಹಾಕಿದರೆ ಚಿಗುರು ಇನ್ನೂ ಮೆತ್ತಗೆ, ಇನ್ನೂ ಹೆಚ್ಚು. ವರ್ಷಕ್ಕೆ ಎರಡು ಅಥವಾ ಮೂರು ಸಲ ಒಟ್ಟಿಗೆ ಆಕಾರ ಕೊಟ್ಟು, ಯೂರಿಯಾ ಬಿಟ್ಟು ಕಾಂಪೋಸ್ಟ್ ಹಾಕಿ. ಚಿಗುರು ಒಟ್ಟಿಗೆ ಬಂದು ಒಟ್ಟಿಗೆ ಬಲಿತರೆ ಕಾಯಬೇಕಾದದ್ದು ಆ ಮೂರು ವಾರ ಮಾತ್ರ. ಆ ದಿನಗಳಲ್ಲಿ ವಾರಕ್ಕೊಮ್ಮೆ ಗಿಡದ ನಾಲ್ಕೂ ಕಡೆಯಿಂದ 20 ತುದಿ ಎಣಿಸುತ್ತೇನೆ. ಒಂದೋ ಎರಡೋ ಮಡಚಿದ್ದರೆ ಬೆರಳಲ್ಲೇ ಚಿವುಟಿ ಚೀಲಕ್ಕೆ ಹಾಕುತ್ತೇನೆ. ಐದು ದಾಟಿದರೆ ಮಾತ್ರ ಬೇವಿನೆಣ್ಣೆ ಬೆರೆಸುತ್ತೇನೆ.