‘ಆ್ಯಂಗರ್’ ಪದದ ಬೇರನ್ನು ಹುಡುಕುವ ಬಗೆ

ಸಿಟ್ಟು ನೆತ್ತಿಗೇರಿದವರನ್ನು ಕೆಂಡಾಮಂಡಲವಾದರು ಎನ್ನುವ ನಮಗೆ, ಇಂಗ್ಲಿಷಿನ ‘ಆ್ಯಂಗರ್’ ಪದವು ಕೆಂಡ ಎಂಬರ್ಥದ ಸಂಸ್ಕೃತದ ‘ಅಂಗಾರ’ದಿಂದಲೇ ಬಂದಿರಬೇಕೆಂದು ತೋರುವುದು ಸಹಜ. ನಿಷ್ಪತ್ತಿಯನ್ನು, ಎಂದರೆ ಪದ ಹುಟ್ಟಿಬಂದ ಬಗೆಯನ್ನು, ಅರಸುವವರು ಮೊಟ್ಟಮೊದಲು ಬದಿಗಿಡಬೇಕಾದದ್ದು ಕಿವಿಗೆ ಹಿತವಾಗುವ ಇಂತಹ ಹೋಲಿಕೆಯನ್ನೇ.

ಪದವು ಬರಹದಲ್ಲಿ ಯಾವಾಗ, ಯಾವ ಅರ್ಥದಲ್ಲಿ ಕಾಣಿಸಿಕೊಂಡಿತೆಂಬುದನ್ನು ಮೊದಲು ನೋಡಿ. ಇದಕ್ಕೆ ಕಾಲಾನುಕ್ರಮದಲ್ಲಿ ಪ್ರಯೋಗಗಳನ್ನು ಕೊಡುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ನೆರವಾಗುತ್ತದೆ. 1884ರಲ್ಲಿ ಹೊರಬಂದ ಅದರ ಮೊದಲ ಸಂಚಿಕೆಯಲ್ಲಿಯೇ ಈ ಪದವಿದೆ. 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ನುಡಿಯಲ್ಲಿ ‘ಅಂಗ್ರ್’ ಎಂದರೆ ದುಃಖ, ಸಂಕಟ. ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹಕ್ಕೆ ಬಂದಾಗಲೂ ಪದವು ಆ ನೋವಿನ ಅರ್ಥವನ್ನು ಹೊತ್ತೇ ಬಂದಿತು. ಕೋಪದ ಅರ್ಥ ನೆಲೆಗೊಂಡದ್ದು ಆಮೇಲೆ.

ಮುಂದಿನ ಹೆಜ್ಜೆ, ಸೋದರ ಪದಗಳನ್ನು, ಎಂದರೆ ಒಂದೇ ಮೂಲದಿಂದ ಬೇರೆ ಬೇರೆ ನುಡಿಗಳಿಗೆ ಕವಲೊಡೆದ ಪದಗಳನ್ನು, ಒಟ್ಟಿಗಿಟ್ಟು ನೋಡುವುದು. ಲ್ಯಾಟಿನ್ನಿನ ‘ಅಂಗೆರೆ’ ಎಂದರೆ ಕುತ್ತಿಗೆ ಹಿಸುಕು. ಜರ್ಮನ್ನಿನ ‘ಎಂಗ್’ ಎಂದರೆ ಕಿರಿದಾದದ್ದು, ‘ಆಂಗ್ಸ್ಟ್’ ಎಂದರೆ ಭಯ. ಎದೆ ಹಿಂಡಿದಂತಾಗುವ ಬೇನೆಯ ಹೆಸರಾದ ‘ಆಂಜೈನಾ’ ಕೂಡ ಇದೇ ಬಳಗದ್ದು. ಇವೆಲ್ಲದರ ತಳದಲ್ಲಿರುವುದು ಬಿಗಿತ, ಉಸಿರುಕಟ್ಟುವಿಕೆ. ಜಾಗ ಸಾಲದ್ದಕ್ಕೂ ಕಷ್ಟಕ್ಕೆ ಸಿಲುಕಿದ್ದಕ್ಕೂ ‘ಇಕ್ಕಟ್ಟು’ ಎಂಬ ಒಂದೇ ಮಾತನ್ನು ಆಡುವ ಕನ್ನಡಿಗರಿಗೆ ಈ ಅರ್ಥದ ನಡೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದು, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಧ್ವನಿಗಳ ಪರೀಕ್ಷೆ. ಒಂದೇ ಮೂಲದಿಂದ ಬಂದ ಪದಗಳಲ್ಲಿ ಸಂಸ್ಕೃತದ ಗಕಾರಕ್ಕೆ ಇಂಗ್ಲಿಷಿನಲ್ಲಿ ಕಕಾರ ಸಿಗಬೇಕು: ಸಂಸ್ಕೃತದ ‘ಗೋ’ ಅಲ್ಲಿ ‘ಕೌ’. ಆದ್ದರಿಂದ ‘ಅಂಗಾರ’ದ ಗಕಾರವು ‘ಆ್ಯಂಗರ್’ನಲ್ಲಿ ಗಕಾರವಾಗಿಯೇ ಉಳಿಯಲಾರದು. ಆದರೆ ‘ಹಂಸ’ಕ್ಕೆ ‘ಗೂಸ್’ ಹೊಂದುವಂತೆ, ಇಂಗ್ಲಿಷಿನ ಗಕಾರಕ್ಕೆ ಸಂಸ್ಕೃತದಲ್ಲಿ ಹಕಾರವನ್ನು ಹುಡುಕಿದರೆ, ಋಗ್ವೇದದಲ್ಲಿ ಸಂಕಟವೆಂಬ ಅರ್ಥದ ‘ಅಂಹಸ್’ ಮತ್ತು ಕಿರಿದಾದದ್ದು ಎಂಬ ಅರ್ಥದ ‘ಅಂಹು’ ಸಿಗುತ್ತವೆ. ಧ್ವನಿಯೂ ಅರ್ಥವೂ ಕೂಡಿಬರುತ್ತವೆ. ಅಪರೂಪಕ್ಕೊಮ್ಮೆ ಬರುವ ಕ್ಷಯಮಾಸವನ್ನು, ಎಂದರೆ ಲೆಕ್ಕದಿಂದ ಲೋಪವಾಗುವ ಚಾಂದ್ರಮಾಸವನ್ನು, ನಮ್ಮ ಪಂಚಾಂಗದವರು ‘ಅಂಹಸ್ಪತಿ’ ಎಂದು ಕರೆಯುವಾಗ ಕೇಳಿಬರುವುದು ಇದೇ ‘ಅಂಹಸ್’.