ನಿಮ್ಮ ಮಣ್ಣಿನ ಕಟ್ಟೆ ಒಡೆಯದಂತೆ ನೋಡಿಕೊಳ್ಳುವುದು ಹೇಗೆ?

ಮಣ್ಣಿನ ಏರಿ ಸಾಮಾನ್ಯವಾಗಿ ಒಡೆಯುವುದು ನೀರು ಹೋಗಬಾರದ ಕಡೆ ಹೋದಾಗ. ಒಂದೋ ಏರಿಯ ಮೇಲೆ ಹತ್ತಿ ಹರಿಯುತ್ತದೆ, ಇಲ್ಲವೇ ಒಳಗೊಳಗೇ ದಾರಿ ಕೊರೆದುಕೊಳ್ಳುತ್ತದೆ. ಮಾಲೀಕರ ಕೆಲಸದಲ್ಲಿ ಬಹುಪಾಲು ಈ ಎರಡನ್ನು ತಡೆಯುವುದೇ. ಗುದ್ದಲಿ, ಕುಡುಗೋಲು, ಬಕೆಟ್, ಒಂದು ನೋಟ್‌ಬುಕ್ ಇದ್ದರೆ ಶುರು ಮಾಡಬಹುದು.

ಮೊದಲು ಕೋಡಿ

ಮಳೆಗಾಲಕ್ಕೆ ಮುಂಚೆ ಕೋಡಿಯ ಬಾಯಿಂದ ನೀರು ಹಳ್ಳ ಸೇರುವ ಜಾಗದ ತನಕ ಪೂರ್ತಿ ನಡೆದು ನೋಡಿ. ಗಿಡಗಂಟಿ, ಬಿದ್ದ ಕೊಂಬೆ, ಜಾರಿದ ಮಣ್ಣು, ಅಡ್ಡ ಹಾಕಿದ ಬೇಲಿ ಎಲ್ಲವನ್ನೂ ತೆಗೆಯಿರಿ. ಇನ್ನೊಂದಡಿ ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಗೆ ಮರಳುಚೀಲ ಇಡುವ ಆಸೆ ಬಹಳ ಜನಕ್ಕೆ ಬರುತ್ತದೆ. ಸಾಕಿದ ಮೀನು ಕೊಚ್ಚಿಹೋಗದಿರಲಿ ಎಂದು ಬಲೆ ಕಟ್ಟುವವರೂ ಇದ್ದಾರೆ. ಆ ಬಲೆಗೆ ಕಸ ಸಿಕ್ಕಿಕೊಂಡರೆ ಕೋಡಿಯನ್ನೇ ಮುಚ್ಚಿದಂತೆ.

ಹೀಗೆ ಆಗಿಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಸೌತ್ ಫೋರ್ಕ್ ಮಣ್ಣಿನ ಅಣೆಕಟ್ಟು ಗಾತ್ರದಲ್ಲಿ ದೊಡ್ಡದು, ಆದರೆ ಖಾಸಗಿ ಕ್ಲಬ್ಬೊಂದರ ಸ್ವತ್ತು. ಅದರ ತೂಬಿನ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕರೊಬ್ಬರು ಕಿತ್ತು ಮಾರಿದ್ದರು. ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲೆಂದು ಏರಿಯ ನೆತ್ತಿ ತಗ್ಗಿಸಿದರು, ಕೋಡಿಗೆ ಮೀನಿನ ಜಾಲರಿ ಕೂರಿಸಿದರು. 1889ರ ಮೇ 31ರಂದು ಭಾರೀ ಮಳೆಗೆ ನೀರು ಏರಿಯನ್ನು ದಾಟಿ ಕಟ್ಟೆ ಒಡೆಯಿತು. ಕೆಳಗಿದ್ದ ಜಾನ್ಸ್‌ಟೌನ್ ಮತ್ತು ಸುತ್ತಲಿನಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ಕಿತ್ತ ತೂಬು, ತಗ್ಗಿದ ನೆತ್ತಿ, ಬಲೆ ಕಟ್ಟಿದ ಕೋಡಿ: ಇವು ಸಣ್ಣ ಕಟ್ಟೆಗಳಲ್ಲೂ ಕಾಣುವಂಥವೇ.

ಏರಿಯ ನೆತ್ತಿ ಸಮನಾಗಿದೆಯೇ ಎಂದು ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬಿನಿಂದಲೇ ನೋಡಬಹುದು. ಎಲ್ಲಿ ತಗ್ಗಿದೆಯೋ ಪ್ರವಾಹ ಮೊದಲು ದಾಟುವುದು ಅಲ್ಲೇ. ತಗ್ಗನ್ನು ತುಂಬಿ ದಮ್ಮಸ್ಸು ಮಾಡಿ, ಮಳೆನೀರು ಕೆರೆಯ ಕಡೆಗೇ ಇಳಿಯುವಂತೆ ತುಸು ವಾಟ ಕೊಡಿ.

ಮರ, ಬಿಲ, ಬಿರುಕು

ಏರಿಯ ಮೇಲೆ ಹುಲ್ಲು ಇರಲಿ, ಮರ ಬೇಡ. ಮರ ಮಣ್ಣನ್ನು ಹಿಡಿದಿಡುತ್ತದೆ ಎಂಬ ಮಾತು ಗುಡ್ಡಕ್ಕೆ ಸರಿ, ಕಟ್ಟೆಗೆ ಅಲ್ಲ. ಸತ್ತ ಬೇರು ಕೊಳೆತರೆ ಉಳಿಯುವುದು ನೀರಿಗೆ ಸಿದ್ಧವಾದ ಸುರಂಗ. ಗಾಳಿಗೆ ಮರ ಉರುಳಿದರೆ ಏರಿಯ ಮಣ್ಣನ್ನೂ ಎತ್ತಿಕೊಂಡೇ ಬೀಳುತ್ತದೆ. ಸಸಿಗಳನ್ನು ಬೇರುಸಮೇತ ಈಗಲೇ ಕೀಳಿ. ಏರಿಯ ಬುಡದಿಂದ ಕನಿಷ್ಠ ಐದು ಮೀಟರ್ ತನಕವೂ ಮರ ಬೆಳೆಯಗೊಡಬೇಡಿ. ಈಗಾಗಲೇ ದೊಡ್ಡದಾಗಿರುವ ಮರವನ್ನು ಮಾತ್ರ ನೀರು ತುಂಬಿರುವಾಗ ಬುಡಮೇಲು ಮಾಡಬೇಡಿ. ಅದಕ್ಕೆ ಎಂಜಿನಿಯರ್ ಸಲಹೆ ಬೇಕು.

ಹುಲ್ಲನ್ನು ಗಿಡ್ಡಗೆ ಕತ್ತರಿಸಿಡಿ. ಅಂದಕ್ಕಲ್ಲ, ಬಿಲ ಕಾಣಲಿ ಎಂದು. ಹೆಗ್ಗಣ, ಏಡಿಗಳ ಬಿಲದ ಬಾಯಿಗೆ ಮಣ್ಣು ಮೆತ್ತಿ ಸುಮ್ಮನಾದರೆ ಒಳಗಿನ ಪೊಳ್ಳು ಹಾಗೇ ಉಳಿಯುತ್ತದೆ. ಕೊನೆಯ ತನಕ ಅಗೆದು ತೆರೆದು, ತೇವದ ಜೇಡಿಮಣ್ಣನ್ನು ಗೇಣಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ ಹಾಕಿ, ಒಂದೊಂದು ಪದರವನ್ನೂ ಕುಟ್ಟಿ ಗಟ್ಟಿ ಮಾಡಿ.

ಬಿರುಕು ಏರಿಯ ಉದ್ದಕ್ಕೆ ಬಿಟ್ಟಿದ್ದರೆ ಇಳಿಜಾರು ಜಾರುತ್ತಿರಬಹುದು. ಅಡ್ಡಕ್ಕೆ ಬಿಟ್ಟಿದ್ದರೆ ನೀರು ಆ ಕಡೆಯಿಂದ ಈ ಕಡೆಗೆ ಹಾಯಲು ದಾರಿಯಾಗುತ್ತದೆ. ಬಿರುಕಿನ ಎರಡೂ ತುದಿಗೆ ಗೂಟ ಹೊಡೆದು ತಾರೀಕು ಬರೆದಿಡಿ. ಗೂಟ ದಾಟಿ ಬೆಳೆದರೆ ಎಂಜಿನಿಯರನ್ನು ಕರೆಸಿ.

ಒಸರುವ ನೀರನ್ನು ಅಳೆಯಿರಿ

ಒಸರದ ಮಣ್ಣಿನ ಕಟ್ಟೆ ಅಪರೂಪ. ತಿಳಿನೀರು ವರ್ಷವಿಡೀ ಒಂದೇ ಹದದಲ್ಲಿ ಜಿನುಗುತ್ತಿದ್ದರೆ ಗಾಬರಿ ಬೇಡ. ನೋಡಬೇಕಾದ್ದು ಬದಲಾವಣೆಯನ್ನು. ಒಸರನ್ನು ಪುಟ್ಟ ಕಾಲುವೆಗೆ ತಿರುಗಿಸಿ, ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯಿರಿ. 20 ಸೆಕೆಂಡು ಹಿಡಿದರೆ ಸೆಕೆಂಡಿಗೆ ಅರ್ಧ ಲೀಟರ್. ಪಕ್ಕದಲ್ಲಿ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ, ಏಕೆಂದರೆ ಕೆರೆ ತುಂಬಿದಾಗ ಒಸರು ಹೆಚ್ಚುವುದು ಸಹಜ. ಮಟ್ಟ ಏರದೆ ಒಸರು ಮಾತ್ರ ಹೆಚ್ಚಿದರೆ ತಕರಾರಿದೆ.

ಒಸರು ಕದಡಿದ್ದರೆ ವಿಷಯವೇ ಬೇರೆ. ಏರಿಯ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಎಂದರ್ಥ. ಬುಡದಲ್ಲಿ ಮರಳು ಪುಟ್ಟ ಜ್ವಾಲಾಮುಖಿಯಂತೆ ಕುದಿಯುವುದೂ ಅದರದೇ ಗುರುತು. ಆಗ ಜೇಡಿಯನ್ನೋ ಸಿಮೆಂಟನ್ನೋ ಮೆತ್ತಿ ಬಾಯಿ ಮುಚ್ಚಬೇಡಿ. ಒತ್ತಡಕ್ಕೆ ನೀರು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ದಪ್ಪ ಕಲ್ಲು ಹೇರಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಇದೂ ತಾತ್ಕಾಲಿಕ. ಜೊತೆಜೊತೆಗೇ ನೀರು ಇಳಿಸಬೇಕು, ಎಂಜಿನಿಯರ್ ಬರಬೇಕು.

ನೀರು ಇಳಿಸಲು ತೂಬು ಕೆಲಸ ಮಾಡಬೇಕಲ್ಲ! ವರ್ಷಕ್ಕೆ ಎರಡು ಬಾರಿಯಾದರೂ ಪೂರ್ತಿ ತೆರೆದು ಮುಚ್ಚಿ, ತುಕ್ಕು ಕೆರೆದು ಗ್ರೀಸ್ ಹಚ್ಚಿ. ಕೊಳವೆ ಹೊರಬರುವಲ್ಲಿ ಅದರ ಸುತ್ತ ಒದ್ದೆ ಇದೆಯೇ, ಮೇಲೆ ಏರಿ ಕುಸಿದು ಗುಂಡಿ ಬಿದ್ದಿದೆಯೇ ನೋಡಿ. ತುರ್ತಿಲ್ಲದಾಗ ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸಬೇಡಿ. ನೀರಿನ ಆಸರೆ ಥಟ್ಟನೆ ತಪ್ಪಿದರೆ ಒದ್ದೆಯಾಗಿರುವ, ಕೆರೆಯ ಕಡೆಯ ಇಳಿಜಾರು ಜಾರಬಹುದು.

ತುರ್ತು ಬಂದರೆ

ಒಸರು ಕದಡಿ ಹೆಚ್ಚುತ್ತಿದ್ದರೆ, ಕೆರೆಯಲ್ಲಿ ಸುಳಿ ಕಂಡರೆ, ನೀರು ನೆತ್ತಿ ಮುಟ್ಟುತ್ತಿದ್ದರೆ ಮೊದಲು ಕೆಳಗಿನ ಜನಕ್ಕೆ ತಿಳಿಸಿ, ದುರಸ್ತಿ ಆಮೇಲೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1977ರ ನವೆಂಬರ್ 6ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಒಡೆದ ಕೆಲ್ಲಿ ಬಾರ್ನ್ಸ್ ಮಣ್ಣಿನ ಕಟ್ಟೆ ಸುಮಾರು 12 ಮೀಟರ್ ಎತ್ತರದ್ದಷ್ಟೆ. ಕೆಳಗೆ 39 ಜನ ಸತ್ತರು. ನೀರು ಹರಿಯುವ ದಾರಿಯಲ್ಲಿ ಯಾರ ಮನೆ, ಯಾವ ರಸ್ತೆ, ಯಾವ ಶಾಲೆ ಇದೆ ಎಂದು ಇಂದೇ ನಡೆದು ನೋಡಿ ಪಟ್ಟಿ ಮಾಡಿ. ಎಲ್ಲರ ಫೋನ್ ನಂಬರ್, ಜೊತೆಗೆ ಅಗ್ನಿಶಾಮಕ ದಳ, ಪೊಲೀಸ್, ಎಂಜಿನಿಯರ್ ನಂಬರ್ ಬರೆದು ಗೋಡೆಗೆ ಅಂಟಿಸಿ. ನೀವು ಊರಲ್ಲಿಲ್ಲದಾಗ ತೂಬಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಅದರಲ್ಲೇ ಬರೆಯಿರಿ.